ಓದಲಾರದ ಹೊಸ ಓಲೆಗಳು

ಹಳೆಯ ಮನೆಯ ಅಟ್ಟದ ಮೇಲೆ ತಾಳೆಗರಿಯ ಕಟ್ಟು ದೊರೆತ ಕಥೆಗಳನ್ನು ನಾವೆಲ್ಲರೂ ಕೇಳಿದ್ದೇವೆ. ಹೊಗೆ ಹಿಡಿದು ಕಪ್ಪಾದ ಗರಿ, ಹುಳು ಕೊರೆದ ತೂತು, ಮುರಿದ ಅಂಚು. ಆದರೂ ಅಕ್ಷರ ಬಲ್ಲವನೊಬ್ಬನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಮುನ್ನೂರು ವರ್ಷಗಳ ಹಿಂದಿನ ಲಿಪಿಕಾರನು ಅವನೊಡನೆ ಮಾತನಾಡತೊಡಗುತ್ತಾನೆ. ಈಚೆಗೆ ನನ್ನ ಕೈಗೂ ಅಂಥದೊಂದು ಗಂಟು ಬಂದಿತು. ಅದು ಗರಿಯದಲ್ಲ, ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಒತ್ತಾಗಿ ಜೋಡಿಸಿಟ್ಟಿದ್ದ ೧೨ ಫ್ಲಾಪಿಗಳು. ಬೆಳಕಿಗೆ ಹಿಡಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕು ಮಾತ್ರ.

ಅವು ನನ್ನ ಹಿರಿಯ ಸ್ನೇಹಿತರಾಗಿದ್ದ ಒಬ್ಬ ಹೈಸ್ಕೂಲಿನ ಕನ್ನಡ ಪಂಡಿತರವು. ಮೇಷ್ಟರು ನಿವೃತ್ತರಾದ ಮೇಲೆ ನಮ್ಮ ಸೀಮೆಯ ಹಳ್ಳಿಗಳನ್ನು ಸುತ್ತಿ, ಬೇಸಾಯಗಾರರ ಬಾಯಲ್ಲಿದ್ದ ಮಾತುಗಳನ್ನು ಚೀಟಿಗಳಲ್ಲಿ ಬರೆದುಕೊಂಡು ಬಂದರು. ಏತ, ಕಪಿಲೆ, ಕೂರಿಗೆ, ನೇಗಿಲು, ಕಣ, ಹಗೇವು, ಇವುಗಳ ಒಂದೊಂದು ಅಂಗಕ್ಕೂ ಇರುವ ಹೆಸರುಗಳೆಲ್ಲ ಅವರ ಸಂಗ್ರಹದಲ್ಲಿದ್ದವು. ೧೯೯೬ರ ಸುಮಾರಿನಲ್ಲಿ ಪೇಟೆಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ, ತಮ್ಮ ಪಿಂಚಣಿಯ ಹಣದಿಂದಲೇ ಅದನ್ನು ಅಕ್ಷರಜೋಡಣೆ ಮಾಡಿಸಿದರು. ಅಚ್ಚು ಹಾಕಿಸಲು ಒಪ್ಪಿದ್ದವರು ಹಿಂಜರಿದುದರಿಂದ ಪುಸ್ತಕ ಹೊರಬರಲಿಲ್ಲ. ಮುಂದೆ ಮನೆ ಬದಲಾಯಿಸಿದಾಗ, "ಎಲ್ಲವೂ ಕಂಪ್ಯೂಟರಿನಲ್ಲಿ ಭದ್ರವಾಗಿದೆಯಲ್ಲ" ಎಂಬ ಧೈರ್ಯದಿಂದ, ಆ ಚೀಟಿಗಳ ಮೂಟೆಯನ್ನು ರದ್ದಿಗೆ ಹಾಕಿಬಿಟ್ಟರಂತೆ. ಅವರು ತೀರಿಕೊಂಡ ಬಳಿಕ ಅವರ ಮಗ ಡಬ್ಬಿಯನ್ನು ನನ್ನ ಮುಂದಿಟ್ಟು ಕೇಳಿದ: "ಅಪ್ಪನ ನಿಘಂಟು ಇದರೊಳಗಿದೆಯಂತೆ, ಸಾರ್. ತೆಗೆದುಕೊಡುವವರು ಯಾರಾದರೂ ಇದ್ದಾರೆಯೆ?"

ಆ ಪ್ರಶ್ನೆಯನ್ನು ನಾನು ಇಂದು ವಾಚಕರ ಮುಂದಿಡಲು ಬಯಸುತ್ತೇನೆ. ಏಕೆಂದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಕಳೆದ ಮೂರೂವರೆ ದಶಕಗಳಲ್ಲಿ ಕನ್ನಡದಲ್ಲಿ ಬರೆದ, ಜೋಡಿಸಿದ, ತಿದ್ದಿದ ಬರಹದ ಬಹುಪಾಲು ಇಂಥದೇ ಡಬ್ಬಿಗಳಲ್ಲಿ, ಧೂಳು ಹಿಡಿದ ಯಂತ್ರಗಳಲ್ಲಿ, ಈಗ ಯಾರೂ ಬಳಸದ ತಂತ್ರಾಂಶಗಳ ಸೆರೆಯಲ್ಲಿ ಬಿದ್ದಿದೆ.

ನಾವು ಮೊದಲು ಆ ಅಂಗಡಿಗೇ ಹೋದೆವು. ಅಂಗಡಿಯಾತ ಒಳ್ಳೆಯ ಮನುಷ್ಯ. ಹಳೆಯ ಯಂತ್ರವನ್ನು ಮಾರಿರಲಿಲ್ಲ. ಆದರೆ ಅದರ ಒಳಗಿನ ಸಣ್ಣ ಬ್ಯಾಟರಿಯು ಎಂದೋ ಸೋರಿ, ಅದರ ಕ್ಷಾರವು ಫಲಕದ ಮೇಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಮುಂದಿನ ಕೆಲಸಕ್ಕೆ ನೆರವಾದವನು ಪರಿಚಯದ ಒಬ್ಬ ತರುಣ ಇಂಜಿನಿಯರು. ಅವನು ಫ್ಲಾಪಿಗಳನ್ನು ಕೈಗೆತ್ತಿಕೊಂಡೊಡನೆ ಮಾಡಿದ ಮೊದಲ ಕೆಲಸವೆಂದರೆ, ಪ್ರತಿಯೊಂದರ ಮೂಲೆಯಲ್ಲಿರುವ ಪುಟ್ಟ ಬಿರಡೆಯನ್ನು ಸರಿಸಿ ಕಿಂಡಿಯನ್ನು ತೆರೆದದ್ದು. ಹಾಗೆ ಮಾಡಿದರೆ ಯಂತ್ರವು ಅದನ್ನು ಓದಬಲ್ಲುದೇ ಹೊರತು ಅದರ ಮೇಲೆ ಏನನ್ನೂ ಬರೆಯಲಾರದು. ಎರಡನೆಯದಾಗಿ, ಕಡತಗಳನ್ನು ತೆರೆದು ನೋಡುವ ಆತುರಕ್ಕೆ ಹೋಗದೆ, ಫ್ಲಾಪಿಯ ಇಡೀ ಮೇಲ್ಮೈಯನ್ನು ಮೊದಲಿನಿಂದ ಕೊನೆಯವರೆಗೆ ಇದ್ದಂತೆಯೇ ನಕಲು ಮಾಡಿಕೊಂಡನು. ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆಯೇ. ಮೂಲಪ್ರತಿಯನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸಮಾಡುವ ಈ ಶಿಸ್ತು ನಮ್ಮ ಗ್ರಂಥಸಂಪಾದಕರಿಗೆ ಹೊಸದಲ್ಲ.

ಫಲಿತಾಂಶ ಹೀಗಿತ್ತು: ೯ ಫ್ಲಾಪಿಗಳು ಪೂರ್ತಿಯಾಗಿ ಓದಿಕೊಂಡವು, ೨ ಅಲ್ಲಲ್ಲಿ ಹರಿದ ಬಟ್ಟೆಯಂತೆ ಬಂದವು, ಒಂದರ ಮೇಲೆ ಬೂಸಲು ಹಿಡಿದು, ಪ್ಲಾಸ್ಟಿಕ್ಕಿನ ಮೇಲೆ ಲೇಪಿಸಿದ ಕಾಂತದ ಪುಡಿಯೇ ಎದ್ದುಹೋಗಿತ್ತು. ಅದರಿಂದ ಒಂದಕ್ಷರವೂ ಬರಲಿಲ್ಲ.

ಇಷ್ಟಾದರೂ ನಾವು ಗೆದ್ದಿರಲಿಲ್ಲ. ಕಡತಗಳು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದವು. ೧೯೮೫ರಲ್ಲಿ ಹುಟ್ಟಿದ ಆ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ ಬಂದದ್ದು ೨೦೦೧ರಲ್ಲಿ. ಇಂದಿನ ಯಂತ್ರದೊಳಗೆ ಹಳೆಯ ಯಂತ್ರವೊಂದು ಇದ್ದಂತೆ ನಟಿಸುವ ಅನುಕರಣ ತಂತ್ರಾಂಶವನ್ನು ಹೂಡಿ, ಅದರೊಳಗೆ ಹಳೆಯ ವಿಂಡೋಸನ್ನೂ ಅದರೊಳಗೆ ಪೇಜ್‌ಮೇಕರನ್ನೂ ಸ್ಥಾಪಿಸಿ ತೆರೆದಾಗ ಪರದೆಯ ಮೇಲೆ ಬಂದದ್ದು ಕನ್ನಡವಲ್ಲ. ಟೋಪಿ, ಚುಕ್ಕೆ, ಕೊಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಮೇಷ್ಟರ ಮಗ ಅದನ್ನು ನೋಡಿ, "ಕೆಟ್ಟುಹೋಗಿದೆ ಅಲ್ಲವೆ?" ಎಂದ. ಕೆಟ್ಟಿರಲಿಲ್ಲ. ಅದು ಹುಟ್ಟಿದ್ದೇ ಹಾಗೆ.

ಇದರ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂದಿನ ಯಂತ್ರದಲ್ಲಿ ಒಂದು ಅಕ್ಷರಮಾಲೆಗೆ ದೊರೆಯುತ್ತಿದ್ದುದು ೨೫೬ ಮನೆಗಳು ಮಾತ್ರ. ನಮ್ಮ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಸೇರಿಸಿದರೆ ಸಾವಿರಗಟ್ಟಲೆ ರೂಪಗಳಾಗುತ್ತವೆ. ಆದುದರಿಂದ ಲಿಪಿ ತಯಾರಿಸಿದವರು ಅಕ್ಷರವನ್ನು ಒಡೆದು, ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಒತ್ತು ಎಂದು ತುಂಡುಮಾಡಿ, ಒಂದೊಂದು ತುಂಡನ್ನು ಒಂದೊಂದು ರೋಮನ್ ಅಕ್ಷರದ ಮನೆಯಲ್ಲಿ ಕೂರಿಸಿದರು. ಕಣ್ಣಿಗೆ ಕಂಡದ್ದು ಕನ್ನಡ. ಯಂತ್ರ ನೆನಪಿಟ್ಟುಕೊಂಡದ್ದು ರೋಮನ್. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಸಂಕೇತ ಪದ್ಧತಿಯಲ್ಲಿ 'ಮ' ಎಂಬುದು ಒಂದು ಅಕ್ಷರವೇ ಅಲ್ಲ: ವಕಾರದ ಒಡಲು, ಅದಕ್ಕೊಂದು ತಲೆಕಟ್ಟು, ಪಕ್ಕಕ್ಕೊಂದು ಕೊಂಬು, ಹೀಗೆ ಮೂರು ತುಂಡುಗಳ ಜೋಡಣೆ. ಕೊಂಬಿನ ಸಂಕೇತವೊಂದು ಬದಲಾದರೆ 'ಮ' ಹೋಗಿ 'ವು' ಆಗುತ್ತದೆ. ತಾಳೆಗರಿಯಲ್ಲಿ ಸಮಾನಾಕೃತಿಯ ಅಕ್ಷರಗಳಿಂದ ಪಾಠ ಕೆಡುತ್ತಿದ್ದುದನ್ನು ಬಲ್ಲವರಿಗೆ ಈ ತೊಡಕು ಹೊಸದೆನಿಸದು.

ಮೇಲಾಗಿ, ಎಲ್ಲರೂ ಒಂದೇ ರೀತಿ ಕೂರಿಸಲಿಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಏರ್ಪಾಡು. ಭಾರತೀಯ ಲಿಪಿಗಳಿಗೆಂದು ಇಸ್ಕಿ ಎಂಬ ಸಾಮಾನ್ಯ ಸಂಕೇತವು ೧೯೯೧ರಲ್ಲಿಯೇ ರಾಷ್ಟ್ರೀಯ ಮಾನಕವಾಗಿತ್ತು. ಅದೇ ವರ್ಷ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಮನೆಮನೆಯ ಕಂಪ್ಯೂಟರು ಯೂನಿಕೋಡ್ ಕನ್ನಡವನ್ನು ತಾನಾಗಿ ತೋರಿಸಬಲ್ಲದ್ದಾಗಲು ಮತ್ತೆ ಹತ್ತು ವರ್ಷ, ಅಂದರೆ ೨೦೦೧ರ ವಿಂಡೋಸ್ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು. ಆ ಹತ್ತು ವರ್ಷ ಪ್ರಕಾಶಕರೂ ಪತ್ರಿಕೆಗಳೂ ಅಂಗಡಿಗಳೂ ಸುಮ್ಮನಿರುವುದು ಸಾಧ್ಯವಿತ್ತೆ? ತಮಗೆ ಸಿಕ್ಕ ಲಿಪಿಯಲ್ಲಿ ಕೆಲಸ ಸಾಗಿಸಿದರು. ಅವರನ್ನು ದೂರುವಂತಿಲ್ಲ. ಆದರೆ ಅದರ ಸಾಲ ತೀರಿಸುವ ಹೊಣೆ ಈಗ ನಮ್ಮ ಮೇಲೆ ಬಿದ್ದಿದೆ.

ಮೇಷ್ಟರ ಕಡತದ ಲಿಪಿ ನುಡಿ ಬರಹಗಳಿಗಿಂತ ಹಿಂದಿನದು. ಸಿದ್ಧವಾದ ಪರಿವರ್ತಕ ನಮಗೆ ಸಿಗಲಿಲ್ಲ. ಕೈಹಿಡಿದದ್ದು ಡಬ್ಬಿಯ ತಳದಲ್ಲಿ ಮಡಿಸಿಟ್ಟಿದ್ದ ಕರಡಚ್ಚಿನ ಒಂದು ಹಾಳೆ. ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆ ಅದು. ಅದೇ ಪುಟ ಕಡತದಲ್ಲಿಯೂ ಇತ್ತು. ಅಚ್ಚಿನ ಕನ್ನಡವನ್ನು ಒಂದು ಪಕ್ಕಕ್ಕೂ ಪರದೆಯ ರೋಮನ್ ಗೋಜಲನ್ನು ಇನ್ನೊಂದು ಪಕ್ಕಕ್ಕೂ ಇಟ್ಟುಕೊಂಡು, ಈ ತುಂಡಿಗೆ ಈ ಸಂಕೇತ ಎಂದು ನಾವು ಹದಿನೈದು ದಿನ ಪಟ್ಟಿಮಾಡಿದೆವು. ರೊಸೆಟ್ಟಾ ಶಿಲೆಯ ನೆರವಿನಿಂದ ೧೮೨೨ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಬೀಗ ತೆಗೆದ ಶಾಂಪೋಲಿಯನನ ಹೆಸರನ್ನು ಇಂಥ ಸಣ್ಣ ಕೆಲಸಕ್ಕೆ ಎಳೆದು ತರಬಾರದು. ಆದರೂ ದಾರಿ ಅದೇ. ಪಟ್ಟಿ ಮುಗಿದ ಮೇಲೂ ಎಡವುವುದು ತಪ್ಪಲಿಲ್ಲ. 'ಧರ್ಮ' ಎಂಬಲ್ಲಿ ಹಳೆಯ ಕಡತವು ಕಣ್ಣಿಗೆ ಕಾಣುವ ಕ್ರಮದಲ್ಲಿ ಮೊದಲು ಧಕಾರ, ಆಮೇಲೆ ಮಕಾರ, ಕೊನೆಗೆ ಅರ್ಕಾವೊತ್ತು ಎಂದು ಬರೆದುಕೊಂಡಿರುತ್ತದೆ. ಯೂನಿಕೋಡಿಗೆ ಬೇಕಾದುದು ಉಚ್ಚಾರಣೆಯ ಕ್ರಮ: ರೇಫ ಮೊದಲು, ಮಕಾರ ಆಮೇಲೆ. ಇದನ್ನು ತಿಳಿಯದೆ ಪರಿವರ್ತಿಸಿದರೆ 'ಧರ್ಮ'ವು 'ಧಮರ್' ಆಗುತ್ತದೆ. ಅಂತರಜಾಲದಲ್ಲಿ ಈಗಲೂ ಅಲ್ಲಲ್ಲಿ ಕಾಣುವ 'ಕಮರ್', 'ಸೂಯರ್'ಗಳು ಇಂಥ ಅವಸರದ ಪರಿವರ್ತನೆಯ ಕೂಸುಗಳು. ಸೊನ್ನೆಗೂ ಅನುಸ್ವಾರಕ್ಕೂ ಆಕಾರ ಒಂದೇ ಎಂದು ಒಂದರ ಬದಲು ಮತ್ತೊಂದನ್ನು ಒತ್ತಿದ ಕಡೆಗಳೂ ಇದ್ದವು. ಕಣ್ಣಿಗೆ ತಪ್ಪು ಕಾಣದು, ಹುಡುಕಿದರೆ ಪದ ಸಿಗದು.

ಇಲ್ಲಿಯೇ ನನ್ನ ಮುಖ್ಯವಾದ ಮಾತು ಬರುತ್ತದೆ. ಹಳೆಯ ಕಂಪ್ಯೂಟರಿನಿಂದ ಬರಹವನ್ನು ಹೊರತೆಗೆಯುವುದು ರಿಪೇರಿಯವನ ಕೆಲಸವೆಂದು ನಾವು ತಿಳಿದಿದ್ದೇವೆ. ಅದು ತಪ್ಪು. ಯಂತ್ರವನ್ನು ನಡೆಸುವುದು ಅವನ ಕೆಲಸ. ಪಾಠವನ್ನು ಉಳಿಸುವುದು ಭಾಷೆ ಬಲ್ಲವನ ಕೆಲಸ. ೧೯೦೫ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ಗ್ರಂಥ ಲಿಪಿಯಲ್ಲಿದ್ದ ಅದನ್ನು ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು. ಗರಿ ಉಳಿದಿದ್ದರೆ ಸಾಲದು. ಆ ಲಿಪಿಯನ್ನು ಬಲ್ಲ, ಆ ವಿಷಯದಲ್ಲಿ ಆಸ್ಥೆಯುಳ್ಳ ಒಬ್ಬ ಮನುಷ್ಯನು ಅದೇ ಕೊಠಡಿಯಲ್ಲಿ ಇರಬೇಕಾಗಿತ್ತು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಹಳೆಯ ಲಿಪಿಗಳನ್ನು ಓದುವ ಶಿಕ್ಷಣವಿದೆ, ಗ್ರಂಥಸಂಪಾದನ ಶಾಸ್ತ್ರವಿದೆ. ಮೂವತ್ತು ವರ್ಷದ ಹಿಂದಿನ ಫ್ಲಾಪಿಯ ಲಿಪಿಯನ್ನು ಓದುವ ವಿದ್ಯೆಯನ್ನು ಆ ಶಾಸ್ತ್ರದ ಒಂದು ಅಧ್ಯಾಯವಾಗಿ ಸೇರಿಸಲು ಅಡ್ಡಿಯೇನು?

ಇದು ನಮ್ಮ ಬಡತನದಿಂದ ಬಂದ ಸಂಕಟವೆಂದೂ ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ದೊರೆ ಒಂದನೆಯ ವಿಲಿಯಂ ೧೦೮೬ರಲ್ಲಿ ತನ್ನ ರಾಜ್ಯದ ಭೂಮಿಕಾಣಿಗಳ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆಯಿಸಿದ. ಅದು ಡೂಮ್ಸ್‌ಡೇ ಗ್ರಂಥ. ಅದರ ಒಂಬೈನೂರನೆಯ ವರ್ಷದ ನೆನಪಿಗೆ ಬಿ.ಬಿ.ಸಿ.ಯು ೧೯೮೬ರಲ್ಲಿ ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ಶಾಲೆಯ ಮಕ್ಕಳೂ ಸೇರಿದಂತೆ ಸುಮಾರು ಹತ್ತು ಲಕ್ಷ ಜನ ತಮ್ಮ ಊರಿನ ಚಿತ್ರವನ್ನೂ ವಿವರವನ್ನೂ ಬರೆದುಕೊಟ್ಟರು. ಅದನ್ನೆಲ್ಲ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಓದಲು ಬೇಕಾದುದು ಏಕಾರ್ನ್ ಕಂಪನಿಯ ಒಂದು ಬಗೆಯ ಕಂಪ್ಯೂಟರು, ಫಿಲಿಪ್ಸ್ ಕಂಪನಿಯ ಒಂದು ಬಗೆಯ ತಟ್ಟೆಯಂತ್ರ. ಹದಿನೈದು ವರ್ಷ ತುಂಬುವುದರೊಳಗೆ ಅವೆರಡೂ ದುರ್ಲಭವಾದವು. ಒಂಬೈನೂರು ವರ್ಷದ ಚರ್ಮದ ಹಾಳೆಯನ್ನು ಓದಬಹುದಾಗಿತ್ತು. ಹದಿನೈದು ವರ್ಷದ ತಟ್ಟೆಯನ್ನು ಓದುವುದು ಕಷ್ಟವಾಯಿತು. ೨೦೦೨ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಹಳೆಯ ಯಂತ್ರದ ಅನುಕರಣವೊಂದನ್ನು ರಚಿಸಿ ಅದನ್ನು ಮತ್ತೆ ಓದಿ ತೋರಿಸಿದರು. ೨೦೧೧ರಲ್ಲಿ ಬಿ.ಬಿ.ಸಿ.ಯು ಅದರ ಒಂದು ಭಾಗವನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ೨೦೧೮ರಲ್ಲಿ ಆ ತಾಣವೂ ಮುಚ್ಚಿ, ಅದರ ಪ್ರತಿಯೊಂದು ಅಲ್ಲಿಯ ರಾಷ್ಟ್ರೀಯ ಪತ್ರಾಗಾರದ ಆಶ್ರಯಕ್ಕೆ ಬಂದಿತು. ಉಳಿಸಿದುದನ್ನು ಮತ್ತೆ ಮತ್ತೆ ಉಳಿಸುತ್ತಲೇ ಇರಬೇಕು ಎಂಬುದು ಇದರ ಪಾಠ.

ಸಾಹಿತ್ಯದ ಮಾತನ್ನೇ ತೆಗೆದುಕೊಳ್ಳಿ. ಸಲ್ಮಾನ್ ರಶ್ದಿಯವರ ಕಾಗದಪತ್ರಗಳು ಅಮೆರಿಕದ ಎಮರಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರ ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರುಗಳೂ ಜೊತೆಗೆ ಹೋದವು. ಗ್ರಂಥಾಲಯದವರು ಅವುಗಳಲ್ಲೊಂದರ ಅನುಕರಣವನ್ನು ರಚಿಸಿ, ಲೇಖಕನ ಮುಂದೆ ಪರದೆ ಹೇಗೆ ಕಾಣುತ್ತಿತ್ತೋ ಹಾಗೆಯೇ ಸಂಶೋಧಕರಿಗೂ ಕಾಣುವಂತೆ ೨೦೧೦ರಲ್ಲಿ ಏರ್ಪಡಿಸಿದರು. ಲೇಖಕನ ಕಂಪ್ಯೂಟರೂ ಹಸ್ತಪ್ರತಿಯೇ ಎಂದು ಅವರು ಒಪ್ಪಿಕೊಂಡರು. ನಮ್ಮಲ್ಲಿ ಲೇಖಕರು ತೀರಿಕೊಂಡರೆ ಅವರ ಪೇಟ, ಕನ್ನಡಕ, ಪೆನ್ನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ. ಕಂಪ್ಯೂಟರನ್ನು ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕುತ್ತೇವೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. "ಒಳ್ಳೆಯದು ಹೇಗೂ ಅಚ್ಚಾಗಿರುತ್ತದೆ, ಅಚ್ಚಾಗದುದನ್ನು ಕಳೆದುಕೊಂಡರೆ ನಷ್ಟವೇನು?" ಎನ್ನುವವರುಂಟು. ಅಚ್ಚಾದದ್ದೆಲ್ಲ ಒಳ್ಳೆಯದಲ್ಲವೆಂಬುದು ಎಷ್ಟು ನಿಜವೋ, ಒಳ್ಳೆಯದೆಲ್ಲ ಅಚ್ಚಾಗಿಲ್ಲವೆಂಬುದೂ ಅಷ್ಟೇ ನಿಜ. ಜಾನಪದ ಸಂಗ್ರಹ, ಪ್ರಾದೇಶಿಕ ನಿಘಂಟು, ಊರಿನ ಇತಿಹಾಸ, ಇಂಥವುಗಳಿಗೆ ಪ್ರಕಾಶಕರು ಸುಲಭವಾಗಿ ಸಿಕ್ಕುವುದಿಲ್ಲ. "ಎಲ್ಲ ಕಸವನ್ನೂ ಕೂಡಿಟ್ಟುಕೊಳ್ಳಲಾದೀತೆ?" ಎಂಬುದು ಇನ್ನೊಂದು ಆಕ್ಷೇಪ. ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಯಾವುದು ಕಸ, ಯಾವುದು ಕಾಳು ಎಂಬ ತೀರ್ಮಾನವನ್ನು ಓದಿದ ಮೇಲೆ ಮಾಡಬೇಕಲ್ಲದೆ ಓದಲು ಆಗುವುದಿಲ್ಲವೆಂಬ ಕಾರಣಕ್ಕೆ ಮಾಡಬಾರದು. ಒಬ್ಬರ ಖಾಸಗಿ ಪತ್ರಗಳನ್ನು ಬಯಲು ಮಾಡುವ ಹಕ್ಕು ಯಾರಿಗೂ ಇಲ್ಲವೆಂಬ ಮೂರನೆಯ ಆಕ್ಷೇಪ ಮಾತ್ರ ಪೂರ್ತಿಯಾಗಿ ಒಪ್ಪತಕ್ಕದ್ದು. ಮನೆಯವರ ಅನುಮತಿಯಿಲ್ಲದೆ ಇಂಥ ಕೆಲಸಕ್ಕೆ ಕೈಹಾಕಬಾರದು.

ಕಾಲಾವಕಾಶದ ವಿಷಯವೊಂದನ್ನು ಒತ್ತಿ ಹೇಳಬೇಕು. ತಾಳೆಗರಿಗೆ ತಾಳ್ಮೆಯಿತ್ತು. ಅದನ್ನು ಮರೆತು ನೂರು ವರ್ಷ ಬಿಟ್ಟರೂ ಅದು ನಮಗಾಗಿ ಕಾದಿತ್ತು. ಕಾಂತದ ಲೇಪಕ್ಕೆ ಅಷ್ಟು ಆಯುಷ್ಯವಿಲ್ಲ. ಮಲೆನಾಡಿನ ಕರಾವಳಿಯ ಮಳೆಗಾಲದಲ್ಲಿಯಂತೂ ಇನ್ನೂ ಕಡಮೆ. ಜಪಾನಿನ ಸೋನಿ ಕಂಪನಿಯು ೨೦೧೧ರಲ್ಲಿಯೇ ಫ್ಲಾಪಿಯ ತಯಾರಿಕೆಯನ್ನು ನಿಲ್ಲಿಸಿತು. ಲೇಪ, ಯಂತ್ರ, ಲಿಪಿಯ ಕೀಲಿಕೈ, ಅದನ್ನು ಬಳಸಿದ ಜನರ ನೆನಪು, ಈ ನಾಲ್ಕೂ ಒಟ್ಟಿಗೆ ಕರಗುತ್ತಿವೆ. ತೊಂಬತ್ತರ ದಶಕದಲ್ಲಿ ಅಕ್ಷರಜೋಡಣೆ ಮಾಡುತ್ತಿದ್ದ ತರುಣ ತರುಣಿಯರು ಈಗ ಐವತ್ತು ದಾಟಿದ್ದಾರೆ. ಅವರ ಬೆರಳುಗಳಿಗೆ ಇನ್ನೂ ನೆನಪಿರುವುದನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಬುದ್ಧಿ ನಮಗೆ ಬೇಡ.

ಮಾಡಬೇಕಾದುದು ಅಸಾಧ್ಯವಾದ ಕೆಲಸವಲ್ಲ. ಪ್ರತಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದರ ಜೊತೆಗೂಡಿ ಒಂದು ಓದುಕೊಠಡಿಯನ್ನು ತೆರೆಯಲಿ. ಅಲ್ಲಿ ಹಳೆಯ ಫ್ಲಾಪಿ ಯಂತ್ರಗಳೂ ಹಳೆಯ ತಂತ್ರಾಂಶಗಳೂ ಲಿಪಿಗಳೂ ಇರಲಿ. ಯಾರು ಬೇಕಾದರೂ ತಮ್ಮ ಮನೆಯ ಡಬ್ಬಿಯನ್ನು ತಂದು ಓದಿಸಿಕೊಳ್ಳುವಂತಿರಲಿ. ಹಿಂದೆ ಕನ್ನಡ ಲಿಪಿಗಳನ್ನು ತಯಾರಿಸಿ ಮಾರಿದವರು ಅವುಗಳ ಸಂಕೇತಪಟ್ಟಿಗಳನ್ನು ಪ್ರಕಟಿಸಲಿ. ಅದರಿಂದ ಅವರಿಗೆ ನಷ್ಟವೇನೂ ಆಗುವಂತಿಲ್ಲ. ಉಳಿಸಿದ ಕೃತಿಯನ್ನು ಮೂರು ರೂಪದಲ್ಲಿ ಇಡುವ ಪದ್ಧತಿ ಬರಲಿ: ಮೂಲದ ಇದ್ದಂತಿರುವ ನಕಲು, ಯೂನಿಕೋಡಿನ ಸಾದಾ ಪಠ್ಯ, ಒಳ್ಳೆಯ ಕಾಗದದ ಮೇಲೆ ಒಂದು ಅಚ್ಚಿನ ಪ್ರತಿ. ಇನ್ನು ಮನೆಯಲ್ಲಿ ಹಳೆಯ ಕಂಪ್ಯೂಟರು ಇರುವವರಿಗೆ ಒಂದು ವಿನಂತಿ. ಕುತೂಹಲಕ್ಕಾಗಿ ಅದರ ಗುಂಡಿ ಒತ್ತಬೇಡಿ. ಬಹುಕಾಲ ನಿದ್ರಿಸಿದ ಯಂತ್ರವು ಎಚ್ಚರಗೊಳ್ಳುವಾಗಲೇ ಸುಟ್ಟುಹೋಗುವುದುಂಟು. ಯಾವ ವರ್ಷ, ಯಾವ ತಂತ್ರಾಂಶ, ಯಾವ ಲಿಪಿ, ಯಾರ ಬರಹ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿ. ಆ ಒಂದು ಚೀಟಿಯಿಂದ ಮುಂದೆ ಓದುವವನ ಆರು ತಿಂಗಳು ಉಳಿಯುತ್ತದೆ.

ಮೇಷ್ಟರ ನಿಘಂಟು ಈಗ ನಮ್ಮ ಮುಂದಿದೆ, ಪೂರ್ತಿಯಾಗಿ ಅಲ್ಲ. ಬೂಸಲು ತಿಂದ ಫ್ಲಾಪಿಯಲ್ಲಿದ್ದುದು ಮಕಾರದ ಪದಗಳು. 'ನೇಗಿಲು' ಎಂಬ ಉಲ್ಲೇಖದ ಕೊನೆಯಲ್ಲಿ 'ಮೇಳಿ ನೋಡಿ' ಎಂದಿದೆ. 'ಕಪಿಲೆ' ಎಂಬಲ್ಲಿ 'ಮಿಣಿ ನೋಡಿ' ಎಂದಿದೆ. ನೋಡೋಣವೆಂದರೆ ಮೇಳಿಯೂ ಇಲ್ಲ, ಮಿಣಿಯೂ ಇಲ್ಲ. ಮೇಳಿಯೆಂದರೆ ನೇಗಿಲಿನ ಹಿಡಿಯೆಂದೂ ಮಿಣಿಯೆಂದರೆ ಹಗ್ಗವೆಂದೂ ನಮ್ಮಲ್ಲಿ ಕೆಲವರಿಗೆ ಗೊತ್ತು. ಆದರೆ ಅವುಗಳ ಬಗೆಗೆ ಯಾವ ಹಳ್ಳಿಯ ಯಾವ ಮುದುಕ ಯಾವ ಗಾದೆಯನ್ನು ಹೇಳಿದ್ದನೋ, ಮೇಷ್ಟರು ಅದನ್ನು ಎಷ್ಟು ಸಂತೋಷದಿಂದ ಬರೆದುಕೊಂಡಿದ್ದರೋ, ಅದು ಇನ್ನು ಯಾರಿಗೂ ತಿಳಿಯದು. ಹೇಳಿದವನೂ ಇಲ್ಲ, ಕೇಳಿದವರೂ ಇಲ್ಲ. ಐದು ವರ್ಷ ಮೊದಲೇ ಆ ಡಬ್ಬಿಯನ್ನು ಯಾರಾದರೂ ತೆರೆದಿದ್ದರೆ ಬಹುಶಃ ಅದೂ ಉಳಿಯುತ್ತಿತ್ತು.

ನಾಡಿನಲ್ಲಿ ಇಂಥ ಡಬ್ಬಿಗಳು ಇನ್ನೂ ಎಷ್ಟಿವೆಯೋ! ನಿಮ್ಮ ಮನೆಯ ಅಟ್ಟವನ್ನು ಒಮ್ಮೆ ನೋಡಿ.